ಪರದೆಯ ಮೂಲೆಯಲ್ಲೊಂದು ಅಂಕಿ

ಕಳೆದ ದಸರಾ ರಜೆಯಲ್ಲಿ ಕಲಬುರಗಿಯ ಒಂದು ಟಾಕೀಜಿನ ಟಿಕೆಟ್ ಕಿಟಕಿಯ ಮುಂದೆ ತಂದೆಯೊಬ್ಬರು ಇಬ್ಬರು ಮಕ್ಕಳನ್ನು ಕರೆದುಕೊಂಡು ನಿಂತಿದ್ದರು. ಮಗನಿಗೆ ಹದಿನಾಲ್ಕು, ಮಗಳಿಗೆ ಒಂಬತ್ತು ಇದ್ದೀತು. ಪೋಸ್ಟರಿನ ಮೇಲೆ ‘ಯುಎ 16+’ ಎಂಬ ಗುರುತಿತ್ತು. “ಹದಿನಾರು ಅಂತ ಬರ್ದದಲ್ರಿ, ಹುಡುಗರಿಗಿ ಒಳಗ ಬಿಡ್ತೀರೇನು?” ಎಂದು ಅವರು ಕೇಳಿದರು. ಕಿಟಕಿಯೊಳಗಿನವರು, “ಎ ಇದ್ರ ಬಿಡಂಗಿಲ್ರಿ. ಇದು ಯುಎ ಅದ. ನೀವು ಜೋಡಿ ಇದ್ದೀರಲ್ಲ, ಹೋಗ್ರಿ” ಎಂದರು. ತಂದೆ ಒಮ್ಮೆ ಪೋಸ್ಟರನ್ನೂ ಒಮ್ಮೆ ಮಗಳನ್ನೂ ನೋಡಿ ಮೂರು ಟಿಕೆಟ್ ತೆಗೆದುಕೊಂಡರು.

ಕಿಟಕಿಯೊಳಗಿನವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಆ ತಂದೆಗೆ ನಿಜವಾಗಿ ಬೇಕಾಗಿದ್ದುದು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಉತ್ತರವಷ್ಟೇ ಅಲ್ಲ. ಈ ಚಿತ್ರದಲ್ಲಿ ತನ್ನ ಮಗಳು ನೋಡಬಾರದ್ದು ಏನಿದೆ ಎಂಬುದು. ಅದನ್ನು ಹೇಳುವ ಒಂದು ಸಾಲೂ ಆ ಪೋಸ್ಟರಿನಲ್ಲಿ ಇರಲಿಲ್ಲ. ವಯಸ್ಸಿನ ಗುರುತುಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಸೆನ್ಸಾರ್ ಕತ್ತರಿಯ ಸುತ್ತಲೇ ಸುತ್ತುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಈ ತಂದೆ ಕೇಳಲು ಬಂದು ಕೇಳದೆ ಹೋದ ಪ್ರಶ್ನೆಯೇ.

1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ನಮ್ಮಲ್ಲಿ ಬಹುಕಾಲ ಎರಡೇ ವರ್ಗಗಳಿದ್ದವು. ಎಲ್ಲರಿಗೂ ಮುಕ್ತವಾದದ್ದು ‘ಯು’, ಹದಿನೆಂಟು ತುಂಬಿದವರಿಗೆ ಮಾತ್ರ ಮೀಸಲಾದದ್ದು ‘ಎ’. 1983ರಲ್ಲಿ ವೈದ್ಯರಂಥ ನಿರ್ದಿಷ್ಟ ವೃತ್ತಿಯವರಿಗಾಗಿ ‘ಎಸ್’ ಮತ್ತು ಎರಡರ ನಡುವೆ ‘ಯುಎ’ ಸೇರಿದವು. ಹನ್ನೆರಡು ವರ್ಷದೊಳಗಿನ ಮಕ್ಕಳು ಪಾಲಕರ ವಿವೇಚನೆಯ ಮೇರೆಗೆ ನೋಡಬಹುದು ಎಂಬುದು ಯುಎ ಗುರುತಿನ ಅರ್ಥವಾಗಿತ್ತು. ನಲವತ್ತು ವರ್ಷ ಕಳೆದ ಮೇಲೆ, 2023ರ ತಿದ್ದುಪಡಿಯಲ್ಲಿ, ಯುಎ ಎಂಬ ಒಂದೇ ಚೀಲದಲ್ಲಿ ತುಂಬಿದ್ದನ್ನು 7+, 13+, 16+ ಎಂದು ಮೂರಾಗಿ ವಿಂಗಡಿಸಲಾಯಿತು. 2024ರ ನಿಯಮಗಳ ಬಳಿಕ ಈ ಗುರುತುಗಳು ಪ್ರಮಾಣಪತ್ರಗಳಲ್ಲಿ ಕಾಣಿಸತೊಡಗಿದವು. ವಿಂಗಡಣೆ ಒಳ್ಳೆಯದೇ, ಏಳರ ಮಗುವಿಗೂ ಹದಿನೈದರ ಹುಡುಗನಿಗೂ ಒಂದೇ ಎಚ್ಚರಿಕೆ ಸಾಲದು ಎಂಬುದನ್ನು ಕಾನೂನು ಒಪ್ಪಿಕೊಂಡಂತಾಯಿತು. ಆದರೆ ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿದೆ: ಯುಎ ವರ್ಗದ ಅಂಕಿ ತಂದೆತಾಯಿ ಅಥವಾ ಪಾಲಕರಿಗೆ ಕೊಡುವ ಸಲಹೆ, ಅದನ್ನು ಅವರಲ್ಲದೆ ಬೇರೆ ಯಾರೂ ಜಾರಿಗೊಳಿಸುವಂತಿಲ್ಲ. ‘ಎ’ ಚಿತ್ರಕ್ಕೆ ಅಪ್ರಾಪ್ತರನ್ನು ಒಳಗೆ ಬಿಟ್ಟರೆ ಪ್ರದರ್ಶಕರಿಗೆ ದಂಡ ಬೀಳಬಹುದು. ಯುಎ 16+ ಚಿತ್ರಕ್ಕೆ ಆರು ವರ್ಷದ ಮಗು ಬಂದರೂ ಗೇಟ್‌ಕೀಪರ್ ತಡೆಯಬೇಕಾಗಿಲ್ಲ.

ಇದೇ ತಂದೆ ಇದೇ ಇಬ್ಬರು ಮಕ್ಕಳೊಂದಿಗೆ ಬೇರೆ ಊರುಗಳ ಟಿಕೆಟ್ ಕಿಟಕಿಯ ಮುಂದೆ ನಿಂತರೆ ಏನಾಗುತ್ತದೆ ಎಂದು ನೋಡೋಣ. ಲಂಡನ್ನಿನಲ್ಲಿ ಚಿತ್ರಕ್ಕೆ ‘15’ ಎಂಬ ಗುರುತಿದ್ದರೆ ಇಬ್ಬರೂ ಮಕ್ಕಳು ಹೊರಗೆ. ತಂದೆ ಜೊತೆಗಿದ್ದಾರೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬರ್ಲಿನ್ನಿನಲ್ಲಿ ‘16’ ಇದ್ದರೂ, ಸಿಂಗಪುರದಲ್ಲಿ ಹದಿನಾರರೊಳಗಿನವರಿಗೆ ಪ್ರವೇಶವಿಲ್ಲ ಎಂಬ ಗುರುತಿದ್ದರೂ ಇದೇ ಉತ್ತರ. ಸ್ಟಾಕ್‌ಹೋಮಿನಲ್ಲಿ ಅತಿ ದೊಡ್ಡ ಅಂಕಿಯೇ 15, ಅದರಾಚೆಗೆ ಏನೂ ಇಲ್ಲ. ಹನ್ನೊಂದು ತುಂಬಿದವರು ದೊಡ್ಡವರ ಜೊತೆ ಆ ಚಿತ್ರವನ್ನೂ ನೋಡಬಹುದಾದ್ದರಿಂದ ಅಲ್ಲಿ ಅಣ್ಣ ಒಳಗೆ, ತಂಗಿ ಹೊರಗೆ. ಶಿಕಾಗೋದಲ್ಲಿ ‘ಆರ್’ ಗುರುತಿನ ಚಿತ್ರಕ್ಕೆ ಹದಿನೇಳರೊಳಗಿನವರು ಒಂಟಿಯಾಗಿ ಹೋಗುವಂತಿಲ್ಲ, ಆದರೆ ತಂದೆ ಇದ್ದರೆ ಒಂಬತ್ತರ ಮಗಳಿಗೂ ಟಿಕೆಟ್ ಸಿಗುತ್ತದೆ. ಅಂದರೆ ಕಲಬುರಗಿಯ ಕಿಟಕಿ ಹದಿನಾರರ ವಿಷಯದಲ್ಲಿ ಶಿಕಾಗೋದ ಕಿಟಕಿಗಿಂತಲೂ ಸಡಿಲ, ಹದಿನೆಂಟರ ವಿಷಯದಲ್ಲಿ ಲಂಡನ್ನಿನಷ್ಟೇ ಬಿಗಿ. ತಂದೆಯೇ ಕೈಹಿಡಿದು ಕರೆತಂದರೂ ನಮ್ಮಲ್ಲಿ ‘ಎ’ ಚಿತ್ರಕ್ಕೆ ಮಗುವನ್ನು ಬಿಡುವಂತಿಲ್ಲ.

ಈ ವ್ಯತ್ಯಾಸದ ಬುಡದಲ್ಲಿರುವುದು ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಅಮೆರಿಕದ ಗುರುತುಗಳ ಹಿಂದೆ ಯಾವ ಕಾನೂನೂ ಇಲ್ಲ. ಚಿತ್ರೋದ್ಯಮದ ಸಂಘವೇ 1968ರ ನವೆಂಬರಿನಲ್ಲಿ ಅವನ್ನು ತಂದಿತು. ಸರ್ಕಾರ ಕೈಹಾಕುವ ಮೊದಲು ಮನೆಯನ್ನು ತಾವೇ ಗುಡಿಸಿಕೊಳ್ಳುವ ಉಪಾಯವದು. ಮಕ್ಕಳಿರುವ ತಂದೆತಾಯಂದಿರೇ ಅಲ್ಲಿ ಕೂತು ಚಿತ್ರ ನೋಡಿ ಗುರುತು ಕೊಡುತ್ತಾರೆ. ಹಿಂಸೆ ತುಂಬಿದ ವಿಡಿಯೊ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿದಾಗ, 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಹೊಡೆದುಹಾಕಿತು. ಬ್ರಿಟನ್ನಿನಲ್ಲಿ ಚಿತ್ರಗಳಿಗೆ ಗುರುತು ಕೊಡುವ ಮಂಡಳಿಯೂ 1912ರಲ್ಲಿ ಉದ್ಯಮವೇ ಹುಟ್ಟುಹಾಕಿದ್ದು. ಆದರೆ ಚಿತ್ರಮಂದಿರಕ್ಕೆ ಪರವಾನಗಿ ಕೊಡುವ ಸ್ಥಳೀಯ ಆಡಳಿತಗಳು ಅದರ ಗುರುತನ್ನು ಷರತ್ತಾಗಿ ಹಾಕುವುದರಿಂದ ಅದಕ್ಕೆ ಹಲ್ಲು ಬಂದಿದೆ. ಫ್ರಾನ್ಸಿನಲ್ಲಿ ಸಮಿತಿಯ ಅಭಿಪ್ರಾಯ ಪಡೆದು ಸಂಸ್ಕೃತಿ ಸಚಿವರು ಅನುಮತಿ ಕೊಡುತ್ತಾರೆ, ಬ್ರೆಜಿಲ್‌ನಲ್ಲಿ ಈ ಕೆಲಸ ನ್ಯಾಯ ಸಚಿವಾಲಯದ್ದು. ಜರ್ಮನಿಯಲ್ಲಿ ಬಾಲರಕ್ಷಣೆಯ ಕಾಯ್ದೆಯೇ 6, 12, 16, 18 ಎಂಬ ಮೆಟ್ಟಿಲುಗಳನ್ನು ಕಟ್ಟಿದೆ. ಅಲ್ಲಿನ ಪರಿಶೀಲಕರು ಇನ್ನೊಂದನ್ನೂ ನೋಡುತ್ತಾರೆ: ಗುಡ್ ಫ್ರೈಡೆಯಂಥ ಮೌನದ ಹಬ್ಬಗಳಂದು ಈ ಚಿತ್ರವನ್ನು ತೋರಿಸಬಹುದೇ ಎಂಬುದು.

ಯಾವ ಸಮಾಜ ಯಾವುದಕ್ಕೆ ಹೆದರುತ್ತದೆ ಎಂಬುದು ಈ ಅಂಕಿಗಳಲ್ಲಿ ಎದ್ದು ಕಾಣುತ್ತದೆ. 1982ರಲ್ಲಿ ಬೇರೆ ಗ್ರಹದಿಂದ ಬಂದ ಪುಟ್ಟ ಜೀವಿಯನ್ನು ಮಕ್ಕಳು ಬಚ್ಚಿಟ್ಟು ಕಾಪಾಡುವ ‘ಇ.ಟಿ.’ ಚಿತ್ರವನ್ನು ಜಗತ್ತಿನ ಮಕ್ಕಳೆಲ್ಲ ನೋಡುತ್ತಿದ್ದಾಗ, ಸ್ವೀಡನ್ ಅದನ್ನು ಹನ್ನೊಂದು ವರ್ಷದೊಳಗಿನವರು ನೋಡಬಾರದು ಎಂದಿತು. ರಕ್ತ ಅಥವಾ ಬೈಗುಳ ಅದಕ್ಕೆ ಕಾರಣವಾಗಿರಲಿಲ್ಲ. ದೊಡ್ಡವರನ್ನು ಮಕ್ಕಳ ಶತ್ರುಗಳಂತೆ ತೋರಿಸಲಾಗಿದೆ ಎಂಬುದು ಅಲ್ಲಿನವರ ಅಳಲಾಗಿತ್ತು. ತೊದಲುವ ಬ್ರಿಟಿಷ್ ದೊರೆ ಆರನೆಯ ಜಾರ್ಜ್‌ನ ಕಥೆ ಹೇಳುವ ‘ದಿ ಕಿಂಗ್ಸ್ ಸ್ಪೀಚ್’ನಲ್ಲಿ ಮಾತಿನ ಚಿಕಿತ್ಸಕನ ಮುಂದೆ ದೊರೆ ಕೆಟ್ಟ ಬೈಗುಳಗಳನ್ನು ಸುರಿಯುವ ಒಂದು ಸನ್ನಿವೇಶವಿದೆ, ಬೈಯುವಾಗ ಅವನ ನಾಲಗೆ ತೊಡರುವುದಿಲ್ಲ. ಅಮೆರಿಕದವರು ಬೈಗುಳಗಳನ್ನು ಎಣಿಸಿ ‘ಆರ್’ ಕೊಟ್ಟರು. ಬ್ರಿಟನ್ನಿನಲ್ಲಿ ಮೊದಲು 15 ಕೊಟ್ಟು, ವಿತರಕರು ಮೇಲ್ಮನವಿ ಹಾಕಿದ ಮೇಲೆ, ಹನ್ನೆರಡರೊಳಗಿನವರೂ ದೊಡ್ಡವರ ಜೊತೆ ನೋಡಬಹುದಾದ 12ಎ ದರ್ಜೆಗೆ ಇಳಿಸಿದರು. ಜೊತೆಗೆ ಒಂದು ಸಾಲಿನ ಎಚ್ಚರಿಕೆ ಇಟ್ಟರು: ಮಾತಿನ ಚಿಕಿತ್ಸೆಯ ಸಂದರ್ಭದಲ್ಲಿ ಕಟುವಾದ ಭಾಷೆ ಇದೆ. ಈ ಒಂದು ಸಾಲು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಬೈಗುಳ ಇದೆ ಎಂಬುದನ್ನು ಅದು ಮುಚ್ಚಿಡಲಿಲ್ಲ, ಯಾಕಿದೆ ಎಂಬುದನ್ನೂ ಹೇಳಿತು. ಅದನ್ನು ಓದಿದ ತಾಯಿಯೊಬ್ಬಳು ತನ್ನ ಮಗನ ಸ್ವಭಾವ ನೋಡಿಕೊಂಡು ತಾನೇ ತೀರ್ಮಾನಿಸಬಹುದು.

ನಿಯಮಗಳನ್ನು ರೂಪಿಸುವಾಗಲೂ ಬ್ರಿಟನ್ನಿನ ಮಂಡಳಿ ಜನರನ್ನು ಕೇಳುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಮಾರ್ಗಸೂಚಿ ಬದಲಿಸುವ ಅದು 2024ರ ಆವೃತ್ತಿಗೆ ಮುಂಚೆ ಸುಮಾರು 12,000 ಜನರ ಅಭಿಪ್ರಾಯ ಪಡೆದಿತ್ತು. ನಮ್ಮ ಭಾಗದಲ್ಲಿ ಅಂಥ ವಿಚಾರಣೆ ನಡೆದರೆ ಜನ ಏನು ಹೇಳಿಯಾರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜಾತಿಯ ಹೆಸರು ಹಿಡಿದು ಹಂಗಿಸುವ ಮಾತು, ಹೆಂಡತಿಗೆ ಹೊಡೆಯುವ ನಾಯಕನಿಗೆ ಬೀಳುವ ಸಿಳ್ಳೆ, ಹಿಂಬಾಲಿಸಿ ಕಾಡುವುದನ್ನೇ ಪ್ರೀತಿ ಎಂದು ತೋರಿಸುವ ಹಾಡು, ಇವು ಮುತ್ತಿಡುವ ದೃಶ್ಯಕ್ಕಿಂತ ಹೆಚ್ಚು ಕೆಡುಕು ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಬೇರೆಯವರು ಒಪ್ಪದಿರಬಹುದು. ಒಪ್ಪಲಿ ಬಿಡಲಿ, ಕೇಳಿಯಾದರೂ ನೋಡಬೇಕಲ್ಲ.

ನಮ್ಮ ಸೆನ್ಸಾರ್ ಮಂಡಳಿ ವಯಸ್ಸನ್ನು ಗುರುತಿಸುವುದರ ಜೊತೆಗೆ ಕತ್ತರಿಸುವ ಕೆಲಸವನ್ನೂ ಮಾಡುತ್ತದೆ. ಎರಡೂ ಒಂದೇ ಕೈಯಲ್ಲಿವೆ. ನಾಲ್ಕು ನಗರಗಳ ಕುರಿತ ತಮ್ಮ ಸಾಕ್ಷ್ಯಚಿತ್ರಕ್ಕೆ ಮಂಡಳಿ ಹಾಕಿದ ಅಡ್ಡಿಯನ್ನು ನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಶ್ನಿಸಿದಾಗ, 1970ರಲ್ಲಿ ಸುಪ್ರೀಂ ಕೋರ್ಟ್ ಪೂರ್ವ ಪರಿಶೀಲನೆಯನ್ನು ಎತ್ತಿಹಿಡಿಯಿತು. ಸಿನಿಮಾ ಬೇರೆ ಕಲೆಗಳಿಗಿಂತ ಆಳವಾಗಿ ಮನಸ್ಸನ್ನು ಕಲಕುತ್ತದೆ ಎಂಬುದು ಅದರ ತರ್ಕ. ಕತ್ತರಿಯೂ ಅಂಕಿಯೂ ಹೀಗೆ ಬೆರೆತಾಗ ಒಂದು ಗೊಂದಲ ಹುಟ್ಟುತ್ತದೆ. ಸರ್ಕಾರ ನೋಡಿ, ಬೇಡವಾದದ್ದನ್ನು ತೆಗೆಸಿ, ಬಿಟ್ಟ ಚಿತ್ರ ಇದು. ಇನ್ನು ಇದರಲ್ಲಿ ಮಕ್ಕಳಿಗೆ ಆಗದ್ದು ಏನಿದ್ದೀತು ಎಂದು ಪಾಲಕರು ನಿಶ್ಚಿಂತರಾಗುತ್ತಾರೆ. ಸ್ವೀಡನ್ ಈ ಗಂಟನ್ನು ಬಿಚ್ಚಿಕೊಂಡಿತು. 1911ರಲ್ಲಿ ಶುರುವಾದ, ಜಗತ್ತಿನಲ್ಲೇ ಅತ್ಯಂತ ಹಳೆಯದೆನ್ನುವ ಅದರ ಸೆನ್ಸಾರ್ ಕಚೇರಿಯನ್ನು ನೂರು ವರ್ಷವಾಗುವ ಹೊತ್ತಿಗೆ ಮುಚ್ಚಿ, 2011ರಿಂದ ದೊಡ್ಡವರ ಚಿತ್ರಗಳ ಗೊಡವೆ ಬಿಟ್ಟು ಮಕ್ಕಳ ವಯಸ್ಸನ್ನಷ್ಟೇ ನೋಡುತ್ತಿದೆ. ಚೀನಾ ಇದರ ತದ್ವಿರುದ್ಧ ತುದಿ: ಅಲ್ಲಿ ಸಿನಿಮಾಗಳಿಗೆ ವಯಸ್ಸಿನ ವರ್ಗವೇ ಇಲ್ಲ. ಹಾಗಾಗಿ ಬಿಡುಗಡೆಯಾಗುವ ಪ್ರತಿಯೊಂದು ಚಿತ್ರವೂ ಮಗುವೂ ನೋಡಬಹುದಾದ ಚಿತ್ರವೇ ಆಗಬೇಕಾಗುತ್ತದೆ, ದೊಡ್ಡವರೂ ಮಕ್ಕಳ ಅಳತೆಯ ಅಂಗಿಯನ್ನೇ ತೊಡಬೇಕಾಗುತ್ತದೆ. ಅಂಕಿಗಳು ಇರಬೇಕು ಎನ್ನಲು ಇದೂ ಒಂದು ಬಲವಾದ ಕಾರಣ.

ಗೇಮ್‌ಗಳ ವಿಷಯದಲ್ಲಿ ನಮಗೆ ನಮ್ಮದೇ ಮಾಪನವಿಲ್ಲ. ಅಮೆರಿಕ 1994ರಲ್ಲಿ, ಜಪಾನ್ 2002ರಲ್ಲಿ, ಯುರೋಪಿನ ಬಹುತೇಕ ದೇಶಗಳು 2003ರಲ್ಲಿ ಇದಕ್ಕಾಗಿಯೇ ಸಂಸ್ಥೆಗಳನ್ನು ಕಟ್ಟಿಕೊಂಡವು. ಆಸ್ಟ್ರೇಲಿಯಾ 2024ರ ಸೆಪ್ಟೆಂಬರಿನಿಂದ ಜೂಜಿನಂತೆ ದುಡ್ಡು ಹಾಕಿ ಪೆಟ್ಟಿಗೆ ತೆರೆಯುವ ಗೇಮ್‌ಗಳಿಗೆ ಕನಿಷ್ಠ ‘ಎಂ’ ಗುರುತು, ಅಂದರೆ ಹದಿನೈದು ತುಂಬಿದವರಿಗೆ ಎಂಬ ಸಲಹೆ, ಕಡ್ಡಾಯ ಮಾಡಿದೆ. ನಮ್ಮ ಮಕ್ಕಳ ಫೋನಿನಲ್ಲಿ ಗೇಮ್ ಇಳಿಸುವಾಗ ಕಾಣುವ 3+, 7+, 12+ ಎಂಬ ಅಂಕಿಗಳು ಗೇಮ್ ಮಾಡಿದವರೇ ತುಂಬಿದ ಪ್ರಶ್ನಾವಳಿಯಿಂದ ಬರುವ, ಸ್ವಂತ ಸಂಸ್ಥೆ ಇಲ್ಲದ ದೇಶಗಳಿಗೆಲ್ಲ ಅನ್ವಯಿಸುವ ಸಾಮಾನ್ಯ ಅಂಕಿಗಳು.

ಈಗ ಟಾಕೀಜಿನಿಂದ ಮನೆಗೆ ಬರೋಣ, ಏಕೆಂದರೆ ಮಕ್ಕಳು ಇಂದು ಹೆಚ್ಚು ನೋಡುವುದು ಅಲ್ಲಿಯೇ. 2021ರ ಫೆಬ್ರುವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ವೇದಿಕೆಗಳಿಗೂ ಇದೇ 7, 13, 16ರ ಮೆಟ್ಟಿಲುಗಳನ್ನು ಹಾಕಿದವು. ಅಲ್ಲಿ ಗುರುತು ಕೊಡುವುದು ವೇದಿಕೆಯೇ, ಮಂಡಳಿಯಲ್ಲ. 13+ ಮತ್ತು ಮೇಲಿನ ಚಿತ್ರಗಳಿಗೆ ಪಾಲಕರು ಬೀಗ ಹಾಕುವ ಸೌಲಭ್ಯ ಇರಬೇಕು, ‘ಎ’ ವರ್ಗಕ್ಕೆ ನೋಡುವವರ ವಯಸ್ಸನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಇರಬೇಕು, ಚಿತ್ರದಲ್ಲಿ ಏನಿದೆ ಎಂಬ ವಿವರಣೆಯನ್ನು ನೋಡುವ ಮೊದಲೇ ತೋರಿಸಬೇಕು. ಕಾಗದದ ಮೇಲೆ ಇದು ಟಾಕೀಜಿನ ನಿಯಮಕ್ಕಿಂತ ಮುಂದಿದೆ.

ಈ ನಿಯಮ ಮನೆಯೊಳಗೆ ಬಂದಾಗ ಹೇಗಿರುತ್ತದೆ ಎಂಬುದನ್ನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಂಡೆ. ತೊಗರಿ ರಾಶಿ ಮುಗಿದ ಮೇಲೆ ಮಗ ಸೊಸೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದರು. ನಾಲ್ಕನೆಯ ತರಗತಿಯ ಮೊಮ್ಮಗಳನ್ನು ನೋಡಿಕೊಳ್ಳುವವಳು ಆಯಿ. ದಿನಾ ಸಂಜೆ ಮಗಳ ಮುಖ ನೋಡಬೇಕೆಂದು ಮಗ ತನ್ನ ಹಳೆಯ ಸ್ಮಾರ್ಟ್‌ಫೋನನ್ನು ಮನೆಯಲ್ಲೇ ಬಿಟ್ಟಿದ್ದ. ಗಾಜಿನ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು ಓಡಿತ್ತು. ರೀಚಾರ್ಜಿನ ಜೊತೆ ಬಂದ ಒಂದು ಸಿನಿಮಾ ಆ್ಯಪ್ ಅದರಲ್ಲಿತ್ತು. ನಾನು ಕೂತಿದ್ದಾಗ ಹುಡುಗಿ ಒಂದು ಡಬ್ಬಿಂಗ್ ಚಿತ್ರ ಹಚ್ಚಿದಳು. ಪರದೆಯ ಎಡ ಮೂಲೆಯಲ್ಲಿ ಬಿಳಿಯ ಸಣ್ಣ ಅಕ್ಷರಗಳಲ್ಲಿ ಯುಎ 16+ ಎಂದೂ, ಅದರ ಕೆಳಗೆ ಹಿಂಸೆ, ಅಶ್ಲೀಲ ಮಾತು ಎಂಬರ್ಥದ ಇಂಗ್ಲಿಷ್ ಪದಗಳೂ ಬಂದು, ನಾನು ಓದಿ ಮುಗಿಸುವಷ್ಟರಲ್ಲಿ ಮಾಯವಾದವು. ಆಯಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಬಸ್ ಟಿಕೆಟು, ರೇಷನ್ ತೂಕ, ನೋಟು ಎಣಿಸಿ ಕಲಿತ ಅಂಕಿ. “ಸರ್, ಆ ಹದಿನಾರು ಏನ್ರಿ? ಇಕಿ ಒತ್ತಿದ ಕೂಡ್ಲೇ ಬರ್ತದ. ರೊಕ್ಕ ಕಟ್ ಆಗ್ತದೇನು?” ಎಂದು ಕೇಳಿದಳು. ಹದಿನಾರು ತುಂಬದವರು ದೊಡ್ಡವರನ್ನು ಕೇಳಿ ನೋಡಬೇಕು ಎಂಬ ಸೂಚನೆ ಅದು ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಬೇಕು ಅಂತ ನನಗ ಯಾರು ಹೇಳ್ಯಾರ್ರಿ?” ಎಂದಳು.

ಆ ಫೋನಿನಲ್ಲಿ ಬೀಗದ ಸೌಲಭ್ಯವಿತ್ತು, ಹಾಕಿರಲಿಲ್ಲ. ಖಾತೆ ಮಗನ ಹೆಸರಿನಲ್ಲಿತ್ತು, ಮೂವತ್ತು ದಾಟಿದವನ ಜನ್ಮದಿನಾಂಕ ಅದಕ್ಕಿತ್ತು. ಹಾಗಾಗಿ ಯಂತ್ರದ ಲೆಕ್ಕದಲ್ಲಿ ಪರದೆಯ ಮುಂದೆ ಕೂತಿದ್ದವಳು ಒಂಬತ್ತರ ಹುಡುಗಿಯಲ್ಲ, ಅವಳ ಅಪ್ಪ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ವರ್ಷದ ಕೆಲವು ತಿಂಗಳು ಮನೆಯೆಂದರೆ ಮುತ್ಯಾ, ಆಯಿ ಮತ್ತು ಮೊಮ್ಮಕ್ಕಳು. ಕಾನೂನು ಜವಾಬ್ದಾರಿಯನ್ನು ಪೂರ್ತಿಯಾಗಿ ಪಾಲಕರ ಹೆಗಲಿಗೇರಿಸಿದೆ. ಆದರೆ ಆ ಪಾಲಕಿ ಯಾರು, ಅವಳು ಏನನ್ನು ಓದಬಲ್ಲಳು ಎಂದು ವಿಚಾರಿಸಿಲ್ಲ. ಲಂಡನ್ನಿನಲ್ಲಿ ಗುರುತನ್ನು ಓದದ ತಂದೆಯನ್ನು ಗೇಟಿನವನಾದರೂ ತಡೆಯುತ್ತಾನೆ. ಇಲ್ಲಿ ಆಯಿ ಓದದಿದ್ದರೆ ಅವಳ ಹಿಂದೆ ಯಾರೂ ಇಲ್ಲ.

ಹಾಗೆಂದು ಹದಿನಾರರ ಗುರುತನ್ನೂ ಗೇಟಿನಲ್ಲೇ ಜಾರಿಗೊಳಿಸಿ ಎಂದು ನಾನು ಕೇಳುವುದಿಲ್ಲ. ಟಾಕೀಜಿನ ಬಾಗಿಲಲ್ಲಿ ಆಧಾರ್ ಕಾರ್ಡ್ ನೋಡತೊಡಗಿದರೆ ಮೊದಲು ಹಿಂದಿರುಗುವವರು ಕಾಗದಪತ್ರ ಸರಿಯಿಲ್ಲದ ಬಡವರ ಮಕ್ಕಳು, ಮತ್ತು ಹೇಗಾದರೂ ಹೊರಗೆ ಬಿಡದಿರಲು ನೆಪ ಹುಡುಕುವ ಮನೆಗಳ ಹೆಣ್ಣುಮಕ್ಕಳು. ಸಲಹೆ ಸಲಹೆಯಾಗಿಯೇ ಇರಲಿ. ಆದರೆ ಸಲಹೆ ಎಂದ ಮೇಲೆ ಅದು ಕೇಳುವವರಿಗೆ ತಿಳಿಯುವ ಮಾತಿನಲ್ಲಿ ಇರಬೇಕು. ಬೀದರಿನಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಕೇಳುತ್ತವೆ. ತೆಲುಗು ಚಿತ್ರವನ್ನು ತೆಲುಗಿನಲ್ಲೇ ನೋಡುವವರು ಅಲ್ಲಿ ಬಹಳ. ಒಂದೇ ಚಿತ್ರ ಹಲವು ಭಾಷೆಗಳಲ್ಲಿ ಬರುವಾಗ, ಆಯಾ ಭಾಷೆಯಲ್ಲೇ ಕಾರಣದ ಒಂದು ಸಾಲು ಬರೆಯುವುದು ಹೆಚ್ಚಿನ ಹೊರೆಯಲ್ಲ. ‘ಇರಿತದ ದೃಶ್ಯಗಳಿವೆ, ಒಂದು ಮಗುವಿನ ಸಾವಿದೆ’ ಎಂದು ಕನ್ನಡದಲ್ಲಿ ಪೋಸ್ಟರಿನ ಮೇಲೆ ಇದ್ದಿದ್ದರೆ ಕಲಬುರಗಿಯ ಆ ತಂದೆ ಟಿಕೆಟ್ ಕೊಳ್ಳುತ್ತಿದ್ದರೋ ಬಿಡುತ್ತಿದ್ದರೋ, ತಿಳಿದು ತೀರ್ಮಾನಿಸುತ್ತಿದ್ದರು.

ಓದು ಬಾರದವರಿಗೆ ದಾರಿ ತೋರಿಸಿದ್ದು ನೆದರ್ಲೆಂಡ್ಸ್. 2001ರಲ್ಲಿ ಅಲ್ಲಿ ಶುರುವಾದ ಪದ್ಧತಿಯಲ್ಲಿ ವಯಸ್ಸಿನ ಅಂಕಿಯ ಪಕ್ಕದಲ್ಲಿ ಪುಟ್ಟ ಚಿತ್ರಗಳಿರುತ್ತವೆ: ಹಿಂಸೆಗೆ ಬಿಗಿದ ಮುಷ್ಟಿ, ಹೆದರಿಕೆಗೆ ಜೇಡ, ಮಾದಕ ವಸ್ತುವಿಗೆ, ಕೆಟ್ಟ ಮಾತಿಗೆ, ತಾರತಮ್ಯಕ್ಕೆ ಒಂದೊಂದು. ಯುರೋಪಿನ ಗೇಮ್‌ಗಳ ಡಬ್ಬಿಗಳ ಮೇಲೂ ಇಂಥವೇ ಚಿತ್ರಗಳಿವೆ. ಪದ್ಧತಿಯನ್ನು ತರೋಣ, ಚಿತ್ರಗಳನ್ನು ಹಾಗೆಯೇ ತರುವುದು ಬೇಡ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಮಕ್ಕಳು ಕಲ್ಲೆತ್ತಿ ಚೇಳು ಹಿಡಿದು ಅಂಗೈ ಮೇಲೆ ಆಡಿಸುತ್ತಾರೆ. ಅವರ ಮುಂದೆ ಜೇಡದ ಚಿತ್ರ ಇಟ್ಟು ಹೆದರಿಕೆ ಎಂದರೆ ಯಾರು ನಂಬುತ್ತಾರೆ?

ಚಿತ್ತಾಪುರದ ಆ ಮನೆಯಲ್ಲಿ ಅಂದು ನಾನು ಹೊರಡುವ ಮುನ್ನ ಫೋನಿನ ಕವರಿನ ಹಿಂದೆ ಇಡಲು ಒಂದು ಚೀಟಿ ಮಾಡಿದೆವು. 7, 13, 16 ಎಂದು ಅಂಕಿಗಳನ್ನು ನಾನು ದೊಡ್ಡದಾಗಿ ಬರೆದೆ. ಅಕ್ಷರ ಬರೆದರೆ ಆಯಿಗೆ ಉಪಯೋಗವಿಲ್ಲವೆಂದು ಚಿತ್ರಗಳನ್ನು ಮೊಮ್ಮಗಳಿಗೇ ಬಿಟ್ಟೆ. ಹೊಡೆದಾಟಕ್ಕೆ ಅವಳು ಬಡಿಗೆ ಬರೆದಳು, ಕುಡಿತಕ್ಕೆ ಶೀಶೆ. ಹೆದರಿಕೆಗೆ ಏನು ಬರೆಯಬೇಕೆಂದು ಪೆನ್ಸಿಲ್ ಕಚ್ಚಿಕೊಂಡು ಕೂತವಳು, ಆಮೇಲೆ ಒಂದು ಮುಖ ಬರೆದು, ಕಣ್ಣು ಇರಬೇಕಾದ ಕಡೆ ಎರಡು ಅಂಗೈ ಬರೆದಳು. ಆಯಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದು ತಿಳಿತದ” ಎಂದು ಕವರಿನೊಳಗೆ ಸೇರಿಸಿದಳು.